ಮಗನಿಗೆ ಯೂಟ್ಯೂಬೇ ಉಸ್ತಾದ್ ಆಗಿದೆ, ಏನು ಮಾಡಲಿ?

ಉಳ್ಳಾಲದ ಉಮ್ಮ:
ಮಗ ಪಿಯುಸಿ. ಮದರಸ ಮುಗಿದಿದೆ, ಈಗ ಮೊಬೈಲಲ್ಲೇ ಬಯಾನ್ (ಧಾರ್ಮಿಕ ಭಾಷಣ) ಕೇಳುತ್ತಾನೆ. ಚೌತಿಗೆ ಪಕ್ಕದ ಮನೆಯವರು ಕೊಟ್ಟ ಚಕ್ಕುಲಿ ಮುಟ್ಟಲಿಲ್ಲ, 'ಅವರ ಜೊತೆ ಅಷ್ಟು ಸಲಿಗೆ ಬೇಡ' ಅಂತ ನನಗೇ ಬುದ್ಧಿ ಹೇಳಿದ. ಬೈದರೆ ಬಾಗಿಲು ಹಾಕಿಕೊಳ್ಳುತ್ತಾನೆ.

ಬಂದರಿನ ಅಂಗಡಿಯವ:
ಅಕ್ಕ, ಮೊಬೈಲ್ ಕಸಿಯಬೇಡಿ, ಕದ್ದು ನೋಡುತ್ತಾನೆ ಅಷ್ಟೇ. ಒಟ್ಟಿಗೆ ಕೂತು ನೋಡಿ. ಈ ವಿಡಿಯೋದವರು ಕುರ್‌ಆನಿನ 2:191ನ್ನು (2ನೇ ಅಧ್ಯಾಯದ 191ನೇ ವಚನ, 'ಅವರನ್ನು ಸಿಕ್ಕಲ್ಲಿ ಕೊಲ್ಲಿ' ಅನ್ನುವುದು) ಮಾತ್ರ ಕತ್ತರಿಸಿ ಹಾಕುತ್ತಾರೆ, ಅದರ ಹಿಂದಿನ 190ರಲ್ಲಿ ನಿಮ್ಮ ಮೇಲೆ ಯುದ್ಧಕ್ಕೆ ಬಂದವರ ವಿರುದ್ಧ ಮಾತ್ರ ಹೋರಾಡಿ, ಮಿತಿ ಮೀರಬೇಡಿ ಅಂತ ಉಂಟು, ಅದನ್ನು ಅವನ ಕೈಯಲ್ಲೇ ಓದಿಸಿ. 2:256ರಲ್ಲಿ ಧರ್ಮದಲ್ಲಿ ಬಲವಂತ ಇಲ್ಲ. 6:108 ಬೇರೆಯವರ ದೇವರನ್ನು ಬೈಯಬೇಡಿ ಅನ್ನುತ್ತದೆ.

ಮೂಲ್ಕಿಯವಳು:
ಚಕ್ಕುಲಿ ತಿನ್ನದಿದ್ದರೆ ಉಗ್ರವಾದಿ ಆಗಲ್ಲ ಮಾರಾಯ್ರೆ! ಪ್ರಸಾದ ಅಂತ ಬಿಟ್ಟಿರಬಹುದು, ಅದು ಅವನ ನಂಬಿಕೆ. ದ್ವೇಷ ಬೇರೆ. ಹಳೇ ಗೆಳೆಯರನ್ನು ಬಿಟ್ಟನಾ, ದರ್ಗಾಕ್ಕೆ ಹೋಗುವವರನ್ನೂ ಕಾಫಿರ್ ಅನ್ನುತ್ತಾನಾ, ಅದನ್ನು ನೋಡಿ. ಕಾಲೇಜಲ್ಲಿ ಯಾರಾದರೂ ಚುಚ್ಚಿ ಮಾತಾಡಿದ್ದಾರಾ ಅಂತಲೂ ಕೇಳಿ, ಸಿಟ್ಟು ಎಷ್ಟೋ ಸಲ ಅಲ್ಲಿಂದ ಶುರು. ನಮ್ಮ ಬಪ್ಪನಾಡು ದೇವಸ್ಥಾನ ಕಟ್ಟಿಸಿದ್ದು ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿ ಅನ್ನುವ ಕಥೆ ಅವನಿಗೆ ಗೊತ್ತುಂಟಾ? ಸುಮ್ನೆ ಊಟಕ್ಕೆ ಕೂತಾಗ ಹೇಳಿ, ಭಾಷಣ ಬೇಡ.

ಉಳ್ಳಾಲದ ಉಮ್ಮ:
ಕಾಲೇಜಿನ ವಿಷಯ ಕೇಳಿಯೇ ಇರಲಿಲ್ಲ. ಅವನ ಅಪ್ಪ ದುಬೈಯಲ್ಲಿ, ಫೋನಲ್ಲಿ ಬರೀ ಮಾರ್ಕ್ಸ್ ಮಾತು. ಅವರಿಗೂ ಈ ಥ್ರೆಡ್ ಕಳಿಸುತ್ತೇನೆ.