ಸಹಾಯ ಬೇಕು: ಜುಲೈ ಕೊನೇ ವಾರ ಪ್ರೊವಾನ್ಸ್‌ನಲ್ಲಿ ಲ್ಯಾವೆಂಡರ್ ಹೂವು ನೋಡೋಕೆ ಸಿಗುತ್ತಾ?

ಎಲ್ರಿಗೂ ನಮಸ್ಕಾರ. ನಾವಿರೋದು ಮ್ಯೂನಿಕ್‌ನಲ್ಲಿ. ಶಿವಮೊಗ್ಗದಿಂದ ಅಪ್ಪ-ಅಮ್ಮ ಬರ್ತಿದ್ದಾರೆ, ಜುಲೈ ಕೊನೇ ವಾರ ಅವರನ್ನ ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್‌ಗೆ ಕರ್ಕೊಂಡು ಹೋಗ್ತಿದ್ದೀವಿ. ಅಪ್ಪನಿಗೆ ನಾಟಕ ಅಂದ್ರೆ ಪ್ರಾಣ. ಅಲ್ಲಿನ ಅವಿನ್ಯೋನ್ ಊರಿನ ನಾಟಕೋತ್ಸವ 1947ರಿಂದ ನಡೀತಿದೆ, ಪೋಪ್‌ಗಳ ಹಳೇ ಅರಮನೆಯ ಅಂಗಳದಲ್ಲಿ ರಾತ್ರಿ ಬಯಲಲ್ಲೇ ಆಟ. ಅವರಿಗೆ ಅದನ್ನ ತೋರಿಸ್ಲೇಬೇಕು. ಹಾಗಾಗಿ ಅವಿನ್ಯೋನ್‌ನಲ್ಲೇ ರೂಮ್ ಬುಕ್ ಆಗಿದೆ, ತಾರೀಕು ಬದಲಾಯಿಸೋ ಹಾಗಿಲ್ಲ.

ಅಮ್ಮನಿಗೆ ಬೇಕಿರೋದು ಲ್ಯಾವೆಂಡರ್ ಹೊಲ. ಎಲ್ಲರೂ ಹೇಳೋ ವಾಲೊನ್ಸೋಲ್ ಅನ್ನೋ ಊರಲ್ಲಿ ಜುಲೈ ಮಧ್ಯದಿಂದಲೇ ಕೊಯ್ಲು ಶುರುವಾಗುತ್ತೆ. ಮೊಂ ವೊಂಟು ಬೆಟ್ಟದ ಹತ್ತಿರ ಇರೋ 'ಸೊ' (Sault) ಅನ್ನೋ ಊರು ಎತ್ತರದಲ್ಲಿದೆ, ಅಲ್ಲಿ ಹೂವು ತಡ, ಲ್ಯಾವೆಂಡರ್ ಹಬ್ಬಾನೂ ಆಗಸ್ಟ್ 15ಕ್ಕೆ. ಆದ್ರೆ ನಮ್ಮಲ್ಲಿ ಯಾರೂ ಕಾರ್ ಓಡಿಸಲ್ಲ. ಬಸ್ ಟೈಮಿಂಗ್ ನೋಡ್ದೆ, ಬೆಳಗ್ಗೆ ಹೋಗಿ ಸಂಜೆ ವಾಪಸ್ ಬರೋ ಹಾಗೆ ಹೊಂದ್ತಿಲ್ಲ. ಒಂದು ಟೂರ್ ಕಂಪನಿಗೆ ಬರೆದ್ರೆ 'ಹೂವಿನ ಗ್ಯಾರಂಟಿ ಕೊಡಲ್ಲ' ಅಂದ್ರು.

ಊಟದ ಚಿಂತೆ ಅಷ್ಟಿಲ್ಲ. ಅಪ್ಪ-ಅಮ್ಮ ಶುದ್ಧ ಸಸ್ಯಾಹಾರಿಗಳು, ತರಕಾರಿ ಪಲ್ಯದ ಥರದ ರಾಟಟೂಯಿ, ಕಡಲೆಹಿಟ್ಟಿನ ಪಾನಿಸ್ ನಡೆಯುತ್ತೆ. ಆಲಿವ್ ಚಟ್ನಿ ಥರದ ತಾಪನಾಡ್‌ಗೆ ಮೀನು ಹಾಕ್ತಾರೆ, ಹೋಗೋರು ಕೇಳ್ಕೊಂಡು ತಿನ್ನಿ.

ಆ ಕಡೆ ಹೋಗಿ ಬಂದವರು ದಯವಿಟ್ಟು ಹೇಳಿ: ಜುಲೈ ಕೊನೇ ವಾರ ಸೊ ಸುತ್ತಮುತ್ತ ಹೂವು ಉಳಿದಿರುತ್ತಾ? ಇದ್ರೆ, ಕಾರ್ ಇಲ್ದೆ ವಯಸ್ಸಾದವರನ್ನ ಅವಿನ್ಯೋನ್‌ನಿಂದ ಒಂದೇ ದಿನದಲ್ಲಿ ಕರ್ಕೊಂಡು ಹೋಗಿ ಬರೋದು ಹೇಗೆ?