ಅಮ್ಮನನ್ನು ಮೊದಲ ಸಲ ಜಯದೇವ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಕರೆದೊಯ್ಯುತ್ತಿದ್ದೇನೆ: ಏನೇನು ಸಿದ್ಧ ಮಾಡಿಕೊಳ್ಳಬೇಕು?

ವರದಾತೀರ (ಪ್ರಶ್ನೆ):

ನಾವು ಸಾಗರ ತಾಲ್ಲೂಕಿನವರು. ನನ್ನ ತಾಯಿಗೆ 68 ವರ್ಷ. ಬಹುಕಾಲದಿಂದ ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ಇವೆ. ಈಚೆಗೆ ತೋಟದಿಂದ ಮನೆಯವರೆಗಿನ ದರೆ ಹತ್ತುವಾಗ ಏದುಸಿರು ಬರುತ್ತಿದೆ, ಸಂಜೆಯ ಹೊತ್ತಿಗೆ ಪಾದ ಊದಿಕೊಳ್ಳುತ್ತದೆ. ಊರಿನ ವೈದ್ಯರು ಇಸಿಜಿ ಮಾಡಿಸಿ, ನೀರು ಹೋಗುವ ಮಾತ್ರೆಯನ್ನು ಬರೆದು, ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ ತಜ್ಞರಿಗೆ ತೋರಿಸಬೇಕೆಂದು ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಚೀಟಿ ಕೊಟ್ಟಿದ್ದಾರೆ. ಹಿಂದೊಮ್ಮೆ ತಂದೆಯವರನ್ನು ಬೇರೊಂದು ದೊಡ್ಡ ಆಸ್ಪತ್ರೆಗೆ ಕರೆದೊಯ್ದಾಗ, ಅರ್ಧ ದಿನ ಕಾದು ಒಳಗೆ ಹೋದ ಮೇಲೆ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಂಬ ಪ್ರಶ್ನೆಗೆ ‘ಬಿಳಿಯದೊಂದು, ಗುಲಾಬಿ ಬಣ್ಣದ್ದೊಂದು’ ಎಂದಷ್ಟೇ ಹೇಳಲು ನನಗೆ ಸಾಧ್ಯವಾಗಿತ್ತು. ಈ ಸಲ ಹಾಗಾಗಬಾರದು. ಖಾಲಿ ಹೊಟ್ಟೆಯಲ್ಲಿ ಕರೆದೊಯ್ಯಬೇಕೇ? ಯಾವ ಕಾಗದಪತ್ರಗಳು ಬೇಕು? ನಮ್ಮದು ಬಿಪಿಎಲ್ ಕಾರ್ಡು. ಅದು ಉಪಯೋಗಕ್ಕೆ ಬರುತ್ತದೆಯೇ?

ನಿವೃತ್ತ ಶುಶ್ರೂಷಕಿ:

ಮೊದಲು ಊಟದ ವಿಷಯ, ಏಕೆಂದರೆ ಹೊರರೋಗಿ ವಿಭಾಗದ ಸಾಲಿನಲ್ಲಿ ತಲೆಸುತ್ತಿ ಬಿದ್ದವರಲ್ಲಿ ಹೆಚ್ಚಿನವರು ಯಾರೂ ಹೇಳದಿದ್ದರೂ ಉಪವಾಸ ಬಂದ ಸಕ್ಕರೆ ಕಾಯಿಲೆಯವರೇ ಎಂಬುದನ್ನು ನಾನು ಕೆಲಸದಲ್ಲಿದ್ದಷ್ಟು ಕಾಲವೂ ಕಂಡಿದ್ದೇನೆ. ಎದೆಯ ಮೇಲೆ ಜೆಲ್ ಹಚ್ಚಿ ಮಾಡುವ ಸಾಮಾನ್ಯ ಎಕೋಗೆ ಉಪವಾಸ ಬೇಕಿಲ್ಲ, ಇಸಿಜಿಗೂ ಬೇಕಿಲ್ಲ, ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಗೂ ಬೇಕಿಲ್ಲ. ಖಾಲಿ ಹೊಟ್ಟೆಯ ಸಕ್ಕರೆಯ ಪರೀಕ್ಷೆಗೆ ಮಾತ್ರ ಕನಿಷ್ಠ 8 ಗಂಟೆಯ ಉಪವಾಸ ಬೇಕು, ಅದನ್ನು ಹೊರಡುವ ಮುಂಚಿನ ವಾರದಲ್ಲಿ ಊರಿನಲ್ಲಿಯೇ ಮಾಡಿಸಿ ವರದಿ ತೆಗೆದುಕೊಂಡು ಹೋಗಿ. ತಾಯಿಯವರು ಗ್ಲಿಮೆಪಿರೈಡ್‌ನಂತಹ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುತ್ತಿದ್ದರೆ, ಅದನ್ನು ತೆಗೆದುಕೊಂಡು ಊಟ ಬಿಟ್ಟಾಗ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಬ್ಯಾಗಿನಲ್ಲಿ ತಿಂಡಿಯೂ ಒಂದಿಷ್ಟು ಸಕ್ಕರೆಯೂ ಇರಲಿ.

ನೀರು ಹೋಗುವ ಮಾತ್ರೆಯ ಬಗ್ಗೆ ಒಂದು ಮಾತು. ದಾರಿಯಲ್ಲಿ ಪದೇ ಪದೇ ಶೌಚಾಲಯ ಹುಡುಕಬೇಕಾಗುತ್ತದೆಂದು ಪ್ರಯಾಣದ ದಿನ ಅದನ್ನು ಸದ್ದಿಲ್ಲದೆ ಬಿಟ್ಟುಬಿಡುವವರು ಬಹಳ, ಅದರಲ್ಲೂ ಹೆಂಗಸರು. ಹಾಗೆ ಬಿಟ್ಟವರು ಮರುದಿನ ಇನ್ನಷ್ಟು ಊತ, ಇನ್ನಷ್ಟು ಏದುಸಿರಿನೊಂದಿಗೆ ತಲುಪುತ್ತಾರೆ. ಮಾತ್ರೆಯ ಹೊತ್ತನ್ನು ಹಿಂದೆಮುಂದೆ ಮಾಡಬಹುದೇ ಎಂದು ಬರೆದುಕೊಟ್ಟ ವೈದ್ಯರನ್ನೇ ಕೇಳಿ, ನೀವಾಗಿ ನಿಲ್ಲಿಸಬೇಡಿ.

ಎಕೋ ಮತ್ತು ಇಸಿಜಿಗೆ ಎದೆಯ ಭಾಗ ತೆರೆಯಬೇಕಾಗುವುದರಿಂದ ಮುಂದೆ ಗುಂಡಿಯಿರುವ ಸಡಿಲ ರವಿಕೆ ಅನುಕೂಲ. ಎಕ್ಸ್‌-ರೇ ತೆಗೆಯುವಾಗ ಸರ ಬಿಚ್ಚಿಸುತ್ತಾರಾದ್ದರಿಂದ ಬಂಗಾರವನ್ನು ಮನೆಯಲ್ಲಿಯೇ ಇಟ್ಟು ಹೊರಡುವುದು ಒಳ್ಳೆಯದು.

ಅಡಿಕೆ ಅಂಗಳ:

ನನ್ನ ಅತ್ತೆಯವರ ಹೃದಯದ ಕವಾಟದ ತೊಂದರೆಗಾಗಿ ನಾಲ್ಕು ವರ್ಷಗಳಿಂದ ಓಡಾಡುತ್ತಿರುವವನು ನಾನು. ಮೊದಲ ಭೇಟಿ ಹಾಳಾಗುವುದು ಕಾಗದ ಮರೆತು ಹೋಗುವುದರಿಂದಲ್ಲ, ಕಾಗದ ಅತಿಯಾಗುವುದರಿಂದ ಎಂದು ನನ್ನ ಅನುಭವ. ಹಳೆಯ ಚೀಟಿಗಳ ಕಟ್ಟನ್ನು ಮೇಜಿನ ಮೇಲಿಟ್ಟರೆ, ನಿಮಗೆ ಸಿಗುವ ಐದು ನಿಮಿಷದಲ್ಲಿ ಮೂರು ನಿಮಿಷ ಅದನ್ನು ಬಿಡಿಸುವುದರಲ್ಲೇ ಕಳೆಯುತ್ತದೆ. ಎಲ್ಲವನ್ನೂ ದಿನಾಂಕದ ಕ್ರಮದಲ್ಲಿ, ಹೊಸದು ಮೇಲೆ ಬರುವಂತೆ ಜೋಡಿಸಿ, ಮೇಲೊಂದು ಹಾಳೆಯಲ್ಲಿ ಕಾಯಿಲೆಗಳು, ಅಲರ್ಜಿ, ಆಗಿರುವ ಆಪರೇಷನ್‌ಗಳು ಮತ್ತು ಈಗ ನುಂಗುತ್ತಿರುವ ಮಾತ್ರೆಗಳ ಹೆಸರು, ಮಿಲಿಗ್ರಾಂ, ಹೊತ್ತು ಬರೆಯಿರಿ. ಮಾತ್ರೆಯ ಸ್ಟ್ರಿಪ್‌ಗಳೂ ಜೊತೆಗಿರಲಿ, ಹೆಸರು ಮುದ್ರಿಸಿರುವ ಭಾಗವನ್ನು ಕತ್ತರಿಸದೆ. ಕಷಾಯ, ಲೇಹ್ಯ, ಅಂಗಡಿಯವರು ಕೊಟ್ಟ ಮಂಡಿನೋವಿನ ಗುಳಿಗೆ, ಇವನ್ನೂ ಬರೆಯಿರಿ. ನೋವಿನ ಮಾತ್ರೆಗಳಲ್ಲಿ ಹಲವು ಮೈಯಲ್ಲಿ ನೀರು ನಿಲ್ಲಿಸುತ್ತವೆ; ನಮ್ಮ ಅತ್ತೆಯವರ ಕಾಲೂತಕ್ಕೆ ಅರ್ಧ ಕಾರಣ ಅದೇ ಆಗಿತ್ತು, ಆದರೆ ‘ಅದೂ ಒಂದು ಔಷಧವೇ’ ಎಂದು ಅವರು ಹೇಳಿರಲೇ ಇಲ್ಲ.

ಇನ್ನು ಮಾತು. ನಮ್ಮ ತಾಯಂದಿರು ವೈದ್ಯರ ಎದುರು ಕೂತ ಕೂಡಲೇ ‘ಏನಿಲ್ಲ, ಸ್ವಲ್ಪ ಸುಸ್ತು’ ಎಂದುಬಿಡುತ್ತಾರೆ, ಇಲ್ಲವೇ ಎಲ್ಲವನ್ನೂ ಗ್ಯಾಸ್ಟ್ರಿಕ್ ಎನ್ನುತ್ತಾರೆ. ಅದರ ಬದಲು ಹೀಗೆ ಹೇಳಿ: ದರೆಯನ್ನು ಕಳೆದ ವರ್ಷ ನಿಲ್ಲದೆ ಹತ್ತುತ್ತಿದ್ದರು, ಈಗ ಎರಡು ಕಡೆ ನಿಲ್ಲುತ್ತಾರೆ. ರಾತ್ರಿ ಒಂದು ದಿಂಬು ಸಾಕಾಗಿತ್ತು, ಈಗ ಮೂರು ಬೇಕು. ನಡುರಾತ್ರಿ ಎದ್ದು ಕೂರುತ್ತಾರೆ — ವೈದ್ಯರಿಗೆ ಬೇಕಾದದ್ದು ಇದು. ಹೊರಡುವವರೆಗೆ ದಿನವೂ ಬೆಳಿಗ್ಗೆ ಮೂತ್ರ ವಿಸರ್ಜನೆಯ ನಂತರ, ತಿಂಡಿಗೆ ಮುಂಚೆ, ತೂಕ ಬರೆದಿಡಿ. ಮೂರು ದಿನದಲ್ಲಿ 2 ಕಿಲೊ ಏರಿದರೆ ಅದು ಮೈಯಲ್ಲಿ ನೀರು ತುಂಬುತ್ತಿರುವ ಸೂಚನೆಯಾಗಿರಬಹುದು. ಆಗ ಬೆಂಗಳೂರಿನ ದಿನಾಂಕಕ್ಕೆ ಕಾಯದೆ ಊರಿನ ವೈದ್ಯರಿಗೆ ತಿಳಿಸಿ. ಕೂತಲ್ಲೇ ಉಸಿರು ಕಟ್ಟಿದರೆ ಅಥವಾ ಎದೆನೋವು ಬಂದರೆ ಅದು ಹೊರರೋಗಿ ವಿಭಾಗದ ವಿಷಯವೇ ಅಲ್ಲ, 108ಕ್ಕೆ ಕರೆ ಮಾಡಿ.

ಕಾರ್ಡಿನ ಬಗ್ಗೆ: ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ, ಆದರೆ ಅದು ಮುಖ್ಯವಾಗಿ ದಾಖಲಾಗಿ ಪಡೆಯುವ ಚಿಕಿತ್ಸೆಗೆ. ತೋರಿಸಿಕೊಂಡು ಬರುವ ಖರ್ಚೆಲ್ಲ ಅದರಲ್ಲಿ ಕಳೆಯುತ್ತದೆಂದು ನಂಬಿ ಬರಿಗೈಯಲ್ಲಿ ಹೋಗಬೇಡಿ. ರೇಷನ್ ಕಾರ್ಡು, ಆಧಾರ್ ಮತ್ತು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿಯನ್ನು ಮೊದಲ ದಿನವೇ ಒಯ್ದರೆ, ಮುಂದೆ ದಾಖಲಾಗಬೇಕಾಗಿ ಬಂದಾಗ ಸಾಗರಕ್ಕೆ ಓಡುವುದು ತಪ್ಪುತ್ತದೆ. ನಿಮ್ಮ ಚೀಟಿ ಖಾಸಗಿ ವೈದ್ಯರದ್ದೋ ಸರ್ಕಾರಿ ಆಸ್ಪತ್ರೆಯದೋ ಎಂಬುದನ್ನು ಈಗಲೇ ನೋಡಿಕೊಳ್ಳಿ.

ಜಂಬಗಾರು:

ಪ್ರಯಾಣದ ಬಗ್ಗೆ ಮಾತ್ರ ಹೇಳುತ್ತೇನೆ. ಕಾಲು ಇಳಿಬಿಟ್ಟು ರಾತ್ರಿಯಿಡೀ ಬಸ್ಸಿನಲ್ಲಿ ಕೂರುವುದಕ್ಕಿಂತ, ತಾಳಗುಪ್ಪ–ಮೈಸೂರು ರಾತ್ರಿ ರೈಲಿನಲ್ಲಿ ಕೆಳಗಿನ ಬರ್ತ್ ಕಾಯ್ದಿರಿಸುವುದು ಅವರಿಗೆ ಹಿತ. ಮೆಜೆಸ್ಟಿಕ್‌ನಿಂದ ಹಸಿರು ಮೆಟ್ರೊದಲ್ಲಿ ಆರ್.ವಿ. ರಸ್ತೆಗೆ ಬಂದು, 2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗಕ್ಕೆ ಬದಲಾಯಿಸಿಕೊಂಡರೆ ಎರಡನೆಯ ನಿಲ್ದಾಣವೇ ಜಯದೇವ ಆಸ್ಪತ್ರೆ. ಸಾಧ್ಯವಾದರೆ ಇಬ್ಬರು ಜೊತೆಗೆ ಹೋಗಿ: ಒಬ್ಬರು ಸರತಿಯಲ್ಲಿ ನಿಲ್ಲಲಿಕ್ಕೆ, ಇನ್ನೊಬ್ಬರು ತಾಯಿಯವರ ಪಕ್ಕದಲ್ಲಿ ಕೂರಲಿಕ್ಕೆ. ಮೆಟ್ಟಿಲು ಹತ್ತಿ ಬಂದ ಕೂಡಲೇ ಅಳೆದ ರಕ್ತದೊತ್ತಡ ಹೆಚ್ಚು ತೋರಿಸಬಹುದು; ಐದು ನಿಮಿಷ ಕೂತ ಮೇಲೆ ನೋಡಿ ಎಂದು ಕೇಳಲು ಸಂಕೋಚ ಬೇಡ.

ವರದಾತೀರ:

ಎಲ್ಲರಿಗೂ ವಂದನೆಗಳು. ನಿನ್ನೆ ಹೋಗಿ ಬಂದೆವು. ಮೇಲಿನ ಹಾಳೆಯನ್ನು ವೈದ್ಯರು ಕೈಗೆ ತೆಗೆದುಕೊಂಡು ಪೂರ್ತಿ ಓದಿದರು. ದಿಂಬಿನ ಪ್ರಶ್ನೆಯನ್ನು ಅವರೇ ಕೇಳಿದರು. ಅಮ್ಮ ‘ಒಂದೇ’ ಎಂದರು, ನಾನು ‘ಮೂರು’ ಎಂದೆ, ಅಮ್ಮ ನನ್ನನ್ನು ದುರುಗುಟ್ಟಿ ನೋಡಿದರು. ಎಕೋದಲ್ಲಿ ಹೃದಯದ ಪಂಪು ಸ್ವಲ್ಪ ದುರ್ಬಲವಾಗಿರುವುದು ಕಂಡಿದ್ದು, ಎರಡು ಮಾತ್ರೆ ಬದಲಾಗಿವೆ. ಹೊರಬರುವ ಮುನ್ನ ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಮುಂದುವರಿಸಬೇಕು ಎಂದು ಚೀಟಿಯ ಮೇಲೆಯೇ ಗುರುತು ಹಾಕಿಸಿಕೊಂಡೆ. ಮುಂದಿನ ಭೇಟಿ ಆರು ವಾರಗಳ ನಂತರ. ಅಷ್ಟರಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ರಕ್ತಪರೀಕ್ಷೆ) ಮತ್ತು ಪೊಟ್ಯಾಷಿಯಂ ಪರೀಕ್ಷೆಯನ್ನು ಸಾಗರದಲ್ಲಿ ಮಾಡಿಸಿ ತಂದರೆ ಸಾಕು ಎಂದಿದ್ದಾರೆ. ರೆಫರಲ್ ಚೀಟಿ ಖಾಸಗಿಯವರದ್ದೇ ಆಗಿತ್ತು. ಸೋಮವಾರ ತಾಲ್ಲೂಕು ಆಸ್ಪತ್ರೆಗೆ ಹೋಗಿ ಇನ್ನೊಂದನ್ನು ಬರೆಸಿಕೊಂಡು ಬರುತ್ತೇನೆ.