ಘಾಟಿ ದಾಟಿದ ಮೇಲೆ ಒಂದನೇ ಗೇರ್ ಬೀಳುತ್ತಿಲ್ಲ, ರಿವರ್ಸ್ ಗರಗರ ಎನ್ನುತ್ತದೆ: ಗೇರ್ ಬಾಕ್ಸ್ ಬಿಚ್ಚಿಸಲೇಬೇಕೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನದು ಎಂಟು ವರ್ಷ ಹಳೆಯ, 82,000 ಕಿಲೋಮೀಟರ್ ಓಡಿರುವ, ಐದು ಗೇರ್‌ಗಳ ಪೆಟ್ರೋಲ್ ಕಾರು. ಮೂಡಿಗೆರೆಯಿಂದ ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿಯ ಮಾರ್ಗವಾಗಿ ಉಜಿರೆಗೆ ತಿಂಗಳಲ್ಲಿ ನಾಲ್ಕೈದು ಬಾರಿ ಹೋಗಿಬರುತ್ತೇನೆ. ಮೂರು ವಾರಗಳಿಂದ, ಘಾಟಿಯಲ್ಲಿ ಲಾರಿಗಳ ಹಿಂದೆ ನಿಂತು ನಿಂತು ಸಾಗಿದ ದಿನ, ನಿಂತ ಗಾಡಿಯಲ್ಲಿ ಒಂದನೇ ಗೇರ್ ಸುಲಭವಾಗಿ ಬೀಳುತ್ತಿಲ್ಲ. ರಿವರ್ಸ್ ಹಾಕಿದರೆ ಗರಗರ ಸದ್ದು ಬರುತ್ತದೆ. ಕ್ಲಚ್ ಪೆಡಲನ್ನು ಎರಡು ಮೂರು ಸಲ ಒತ್ತಿ ಬಿಟ್ಟರೆ ಗೇರ್ ಬೀಳುತ್ತದೆ. ಮೂರರಿಂದ ಎರಡಕ್ಕೆ ಇಳಿಸುವಾಗಲೂ ಒಮ್ಮೊಮ್ಮೆ ಸದ್ದಾಗುತ್ತದೆ. ಇಂಜಿನ್ ನಿಲ್ಲಿಸಿ ನೋಡಿದರೆ ಐದೂ ಗೇರ್‌ಗಳು ತಡೆಯಿಲ್ಲದೆ ಬೀಳುತ್ತವೆ. ಗ್ಯಾರೇಜಿನವರು ಗೇರ್ ಬಾಕ್ಸ್ ಇಳಿಸಿ ಬಿಚ್ಚಲೇಬೇಕು ಎನ್ನುತ್ತಿದ್ದಾರೆ. ಒಪ್ಪಿಕೊಳ್ಳುವ ಮೊದಲು ನಾನೇ ನೋಡಬಹುದಾದದ್ದು ಏನಾದರೂ ಇದೆಯೇ?

ಉತ್ತರ

ನಮಸ್ಕಾರ ಸರ್. ದಯವಿಟ್ಟು ಗೇರ್ ಬಾಕ್ಸ್ ಇಳಿಸಲು ಈಗಲೇ ಒಪ್ಪಬೇಡಿ. ಇಂಜಿನ್ ನಿಂತಾಗ ಎಲ್ಲ ಗೇರ್‌ಗಳೂ ಬೀಳುತ್ತವೆ ಎಂದರೆ ಗೇರ್ ಲಿವರ್, ಅದರ ಕೇಬಲ್ಲುಗಳು, ಗೇರನ್ನು ಸರಿಸುವ ಒಳಗಿನ ಫೋರ್ಕುಗಳು ಬಹುಮಟ್ಟಿಗೆ ಸರಿಯಾಗಿವೆ. ಪೆಡಲನ್ನು ಮತ್ತೆ ಮತ್ತೆ ಒತ್ತಿದಾಗ ಗೇರ್ ಬೀಳುತ್ತದೆ ಎಂಬ ಮಾತು ಇನ್ನೂ ಮುಖ್ಯವಾದದ್ದು, ಏಕೆಂದರೆ ಅದು ನಿಮ್ಮ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂಬುದನ್ನು ಸೂಚಿಸುತ್ತದೆ. ಪೆಡಲ್ ಒತ್ತಿದಾಗ ಕ್ಲಚ್ ಪ್ಲೇಟು ಇಂಜಿನ್ನಿನ ಜೊತೆ ತಿರುಗುವ ಚಕ್ರವಾದ ಫ್ಲೈವೀಲಿನಿಂದ ಸಂಪೂರ್ಣ ಬೇರ್ಪಡಬೇಕು. ಕೂದಲೆಳೆಯಷ್ಟು ತಾಗುತ್ತಿದ್ದರೂ ಇಂಜಿನ್ನು ಗೇರ್ ಬಾಕ್ಸಿನ ಒಳ ಶಾಫ್ಟನ್ನು ತಿರುಗಿಸುತ್ತಲೇ ಇರುತ್ತದೆ, ತಿರುಗುವ ಹಲ್ಲಿಗೆ ನಿಂತ ಹಲ್ಲು ಸೇರುವುದಿಲ್ಲ. ಮುಂದಿನ ಗೇರ್‌ಗಳಲ್ಲಿ ವೇಗವನ್ನು ಸಮಗೊಳಿಸುವ ಸಿಂಕ್ರೊನೈಸರ್ ಉಂಗುರಗಳಿರುವುದರಿಂದ ಒಂದನೆಯದು ಬರೀ ಬಿಗಿಯಾಗುತ್ತದೆ. ಅನೇಕ ಕಾರುಗಳ ರಿವರ್ಸ್‌ನಲ್ಲಿ ಆ ಉಂಗುರವೇ ಇಲ್ಲದ ಕಾರಣ ಅದು ನೇರವಾಗಿ ಕೂಗುತ್ತದೆ.

ಸಮತಟ್ಟಾದ, ಹಿಂದೆ ಮುಂದೆ ಯಾರೂ ಇಲ್ಲದ ಜಾಗದಲ್ಲಿ ಒಂದು ಪರೀಕ್ಷೆ ಮಾಡಿ. ಇಂಜಿನ್ ಚಾಲೂ ಇಟ್ಟು, ನ್ಯೂಟ್ರಲ್‌ನಲ್ಲಿ ಕ್ಲಚ್ಚನ್ನು ಪೂರ್ತಿ ಒತ್ತಿ ಹಿಡಿದು, ಐದಾರು ಸೆಕೆಂಡು ಕಾದು ರಿವರ್ಸ್ ಹಾಕಿ. ಕಾಯದೆ ಹಾಕಿದಾಗ ಮಾತ್ರ ಸದ್ದಾದರೆ ಅದು ದೋಷವಲ್ಲ, ಶಾಫ್ಟು ತಿರುಗಾಟ ನಿಲ್ಲಿಸಲು ತೆಗೆದುಕೊಳ್ಳುವ ಸಮಯ ಅಷ್ಟೆ. ಕಾದ ನಂತರವೂ ಗರಗರ ಎಂದರೆ ಕ್ಲಚ್ ಎಳೆಯುತ್ತಿದೆ, ಅಂದರೆ ಪೂರ್ತಿ ಬಿಡುತ್ತಿಲ್ಲ ಎಂದು ತಿಳಿಯಿರಿ.

ಹಾಗಿದ್ದರೆ ಮೊದಲು ಪೆಡಲಿನ ಕೆಳಗೆ ಕೈ ಹಾಕಿ ನೋಡಿ. ಮಳೆಗಾಲದಲ್ಲಿ ಒಂದರ ಮೇಲೊಂದು ಹಾಸಿದ ದಪ್ಪ ರಬ್ಬರ್ ಮ್ಯಾಟು ಪೆಡಲನ್ನು ತಳದವರೆಗೆ ಹೋಗಲು ಬಿಡದಿರುವುದನ್ನು ನಾನು ಹಲವು ಗಾಡಿಗಳಲ್ಲಿ ಕಂಡಿದ್ದೇನೆ. ಅಲ್ಲಿ ಸರಿಯಿದ್ದರೆ ಬಾನೆಟ್ ತೆರೆಯಿರಿ. ನಿಮ್ಮದು ಕೇಬಲ್ ಕ್ಲಚ್ ಆದರೆ ಕೇಬಲ್ಲು ಸಡಿಲಗೊಂಡಿದೆಯೇ ಎಂದು ನೋಡಿ ಹೊಂದಿಸಿದರೆ ಸಾಕಾಗಬಹುದು. ಆದರೆ ಪದೇ ಪದೇ ಒತ್ತಿದಾಗ ಸರಿಹೋಗುವುದು ಹೈಡ್ರಾಲಿಕ್ ಕ್ಲಚ್ಚಿನ ಲಕ್ಷಣ. ಅದರಲ್ಲಿ ಪೆಡಲಿನ ಬಳಿಯ ಮಾಸ್ಟರ್ ಸಿಲಿಂಡರು ಒತ್ತಿದ ಬ್ರೇಕ್ ಆಯಿಲ್, ಗೇರ್ ಬಾಕ್ಸಿನ ಬಳಿಯ ಸ್ಲೇವ್ ಸಿಲಿಂಡರನ್ನು ತಳ್ಳುತ್ತದೆ. ಈ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ತೇವ ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಬಿಸಿಯಲ್ಲಿ ಒಳಗೆ ಆವಿಯ ಗುಳ್ಳೆಯೆದ್ದರೆ ನಿಮ್ಮ ಕಾಲಿನ ಒತ್ತಡ ಗುಳ್ಳೆಯನ್ನು ಹಿಂಡುವುದರಲ್ಲೇ ಮುಗಿದುಹೋಗುತ್ತದೆ. ಘಾಟಿ ದಾಟಿದ ದಿನವೇ ತೊಂದರೆ ಕಾಣಿಸಿಕೊಳ್ಳುವುದಕ್ಕೆ ಇದು ಕಾರಣವಾಗಿರಬಹುದು. ಎರಡೂ ಸಿಲಿಂಡರುಗಳ ರಬ್ಬರ್ ಟೊಪ್ಪಿಗೆಯ ಸುತ್ತ ಒದ್ದೆಯಿದೆಯೇ ಎಂದು ನೋಡಿ. ಹಲವು ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಆಯಿಲ್ ಡಬ್ಬಿ ಇರುತ್ತದೆ, ಆದ್ದರಿಂದ ಮಟ್ಟ ಇಳಿದಿದ್ದರೆ ಸರಿಪಡಿಸುವವರೆಗೆ ಘಾಟಿಯ ಕಡೆ ಹೋಗಬೇಡಿ.

ಮರುಪ್ರಶ್ನೆ

ತುಂಬಾ ಉಪಕಾರವಾಯಿತು ಸರ್. ಮ್ಯಾಟ್ ಸರಿಯಾಗಿಯೇ ಇತ್ತು. ಆಯಿಲ್ ಕಾಫಿ ಬಣ್ಣಕ್ಕೆ ತಿರುಗಿತ್ತು, ಸ್ಲೇವ್ ಸಿಲಿಂಡರಿನ ಟೊಪ್ಪಿಗೆಯ ಒಳಗೆ ಜಿನುಗಿತ್ತು. ಬೇರೆ ಮೆಕ್ಯಾನಿಕ್ ಒಬ್ಬರಿಂದ ಸಿಲಿಂಡರ್ ಬದಲಿಸಿ, ಹೊಸ ಆಯಿಲ್ ತುಂಬಿಸಿ, ಏರ್ ತೆಗೆಸಿದೆ. ಗೇರ್ ಬಾಕ್ಸ್ ಇಳಿಸಲಿಲ್ಲ. ಒಂದನೇ ಗೇರ್, ರಿವರ್ಸ್ ಎರಡೂ ಈಗ ಸರಾಗವಾಗಿವೆ. ಆದರೆ ಬೆಳಗಿನ ಚಳಿಯಲ್ಲಿ ಮೂರರಿಂದ ಎರಡಕ್ಕೆ ಬೇಗ ಇಳಿಸಿದರೆ ಸದ್ದು ಉಳಿದಿದೆ. ಇದೂ ಕ್ಲಚ್ಚಿನದೇ?

ಉತ್ತರ

ಉಳಿದಿರುವುದು ಎರಡನೇ ಗೇರಿನ ಸಿಂಕ್ರೊನೈಸರ್ ಉಂಗುರದ ಸವೆತವೆಂದು ತೋರುತ್ತದೆ. ಅಷ್ಟು ದಿನ ಎಳೆಯುತ್ತಿದ್ದ ಕ್ಲಚ್ಚಿನ ಎದುರು ಅದು ಹೆಚ್ಚುವರಿ ಶ್ರಮಪಟ್ಟಿದೆ. ಸಣ್ಣ ಕಾರಿನಲ್ಲಿ ಮೂರನೇ ಗೇರಿನಲ್ಲಿ ಇಂಜಿನ್ ನಿಮಿಷಕ್ಕೆ 1,500 ಸುತ್ತಿನಲ್ಲಿದ್ದರೆ, ಅದೇ ವೇಗಕ್ಕೆ ಎರಡರಲ್ಲಿ ಸುಮಾರು 2,200 ಸುತ್ತು ಬೇಕಾಗುತ್ತದೆ. ಈ ಅಂತರವನ್ನು ಆ ಉಂಗುರವು ಕ್ಷಣಾರ್ಧದಲ್ಲಿ ಉಜ್ಜಿ ಸಮಗೊಳಿಸಬೇಕು, ತಣ್ಣಗಿರುವ ಗಟ್ಟಿ ಗೇರ್ ಆಯಿಲಿನಲ್ಲಿ ಅದು ಇನ್ನೂ ಕಷ್ಟ.

ಗೇರ್ ಆಯಿಲ್ ಇದುವರೆಗೆ ಬದಲಿಸಿಲ್ಲದಿದ್ದರೆ ಈಗ ಬದಲಿಸಿ, ಆದರೆ ಕೈಪಿಡಿಯಲ್ಲಿ ಹೇಳಿದ ದರ್ಜೆಯನ್ನೇ ಹಾಕಿಸಿ. ಜಿಎಲ್-4 ಎಂದಿರುವಲ್ಲಿ ಜಿಎಲ್-5 ಇನ್ನೂ ಒಳ್ಳೆಯದೆಂದು ಹಾಕುವವರಿದ್ದಾರೆ; ಅದರಲ್ಲಿನ ಕೆಲವು ರಾಸಾಯನಿಕಗಳು ಹಿತ್ತಾಳೆಯ ಉಂಗುರಗಳಿಗೆ ಹಾನಿ ಮಾಡಬಲ್ಲವು. ಜೊತೆಗೆ ಹಳೆಯ ಲಾರಿ ಚಾಲಕರ ಡಬಲ್ ಕ್ಲಚ್ ಕಲಿತುಕೊಳ್ಳಿ: ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತನ್ನಿ, ಕ್ಲಚ್ ಬಿಟ್ಟು ಆಕ್ಸಿಲರೇಟರನ್ನು ತುಸು ಒತ್ತಿ, ಮತ್ತೆ ಕ್ಲಚ್ ಒತ್ತಿ ಎರಡಕ್ಕೆ ಹಾಕಿ. ಹೀಗೆ ಮಾಡಿದಾಗ ಸದ್ದು ಇಲ್ಲವಾದರೆ ದೋಷ ಉಂಗುರದ್ದೇ ಎಂಬುದು ಬಹುತೇಕ ಖಚಿತವಾಗುತ್ತದೆ, ಮತ್ತು ಹೀಗೆಯೇ ಗೇರ್ ಇಳಿಸುತ್ತಿದ್ದರೆ ಆ ಉಂಗುರ ಇನ್ನೂ ಬಹಳ ದಿನ ಬಾಳಬಹುದು. ಚಳಿಯಿಲ್ಲದಾಗಲೂ ಸದ್ದು ಬರತೊಡಗಿದರೆ, ಅಥವಾ ಎರಡನೇ ಗೇರ್ ತಾನಾಗಿ ನ್ಯೂಟ್ರಲ್‌ಗೆ ಜಾರಿದರೆ, ಆಗ ಗೇರ್ ಬಾಕ್ಸ್ ಬಿಚ್ಚಿಸಿ. ಹೇಗೂ ಇಳಿಸುವುದರಿಂದ ಕ್ಲಚ್ ಪ್ಲೇಟನ್ನೂ ಕ್ಲಚ್ಚನ್ನು ಬಿಡಿಸುವ ರಿಲೀಸ್ ಬೇರಿಂಗನ್ನೂ ಅದೇ ಕೂಲಿಯಲ್ಲಿ ನೋಡಿಸಿಕೊಳ್ಳಿ.